ತೀರ್ಪಿಗೆ ಮುಂಚೆ ಟಿವಿ ಆರಿಸಿದ ಅತ್ತೆಗೆ

ಅತ್ತೆ,

ನೀವು ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ನಾನು ಆಫೀಸಿಗೆ ಹೊರಟಿರುತ್ತೇನೆ. ಮಾತ್ರೆ ಊಟದ ನಂತರ, ಮೊದಲಲ್ಲ.

ನಿನ್ನೆ ಕೋರ್ಟ್ ಧಾರಾವಾಹಿಯಲ್ಲಿ ಅರವತ್ತರ ವಿಧವೆ ಮರುಮದುವೆಗೆ ಹೊರಟಾಗ, "ಥೂ, ಈ ವಯಸ್ಸಲ್ಲಿ ಬೇಕಿತ್ತಾ ಇವಳಿಗೆ?" ಅಂದು ತೀರ್ಪಿಗೆ ಮುಂಚೆಯೇ ಟಿವಿ ಆರಿಸಿದಿರಿ. ಹಾಗಾದರೆ ಇಂದು ಬೆಳಿಗ್ಗೆ ಸದ್ದು ತಗ್ಗಿಸಿ ಮರುಪ್ರಸಾರ ನೋಡಿದ್ದು ಯಾರು?

ಅಲ್ಲಿ ಜಡ್ಜ್ ಆ ವಿಧವೆಯ ಮಗನ ಒಪ್ಪಿಗೆ ಕೇಳಿದ್ದು ತಪ್ಪು. ನಮ್ಮ ಪತ್ರಿಕೆಯ ಕೋರ್ಟ್ ವರದಿಗಾರರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡೆ. ಕಾನೂನಿಗೆ ಅದು ಬೇಕಿಲ್ಲ.

ಟೈಲರ್ ಮಾಸ್ತರು ಹಾಲ್ ಪರದೆಯ ಅಳತೆಗೆಂದು ಈ ತಿಂಗಳು ನಾಲ್ಕು ಸಲ ಬಂದರು. ಕಿಟಕಿಯೇನೂ ಬೆಳೆಯುತ್ತಿಲ್ಲ. ಮಾವ ಹೋಗಿ ಒಂಬತ್ತು ವರ್ಷವಾಯಿತು.

ನಿಮ್ಮ ಮಗನಿಗೆ ನಾನು ಹೇಳುತ್ತೇನೆ. ಏನು ಹೇಳಬೇಕೆಂದು ಮಾತ್ರ ನೀವು ಮೊದಲು ನನಗೆ ಹೇಳಿ.

— ಸೊಸೆ