ಗೌಹರಳಿಗೆ ಬಂದ ಕಾರ್ಡುಗಳು

ಪುಟ್ಟೇನಹಳ್ಳಿ, ಯಲಹಂಕ
೪ ಏಪ್ರಿಲ್ ೧೯೮೨, ಭಾನುವಾರ

ಪ್ರೀತಿಯ ಶರಣವ್ವಾ,

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಈ ತಿಂಗಳು ಫ್ಯಾಕ್ಟರಿಯಲ್ಲಿ ಬೆಳಗಿನ ಪಾಳಿ. ಶಾಲೆಯ ಮುಂದಿನ ಹೊಂಗೆ ಮರ ಹೊಸ ಎಲೆ ಬಿಟ್ಟು ಮಿರಮಿರ ಅನ್ನುತ್ತಿದೆ. ನೀನು ಕಾಗದದ ಕೊನೆಗೆ ‘ನಾ ಒಂದ ಕಾರ್ಡ ಹಾಕೀನಿ, ಎರಡನೇದು ನಂದಲ್ಲ. ಆ ಹುಡುಗಿ ಏನಾದ್ಳು?’ ಎಂದು ಕೇಳಿದ್ದೆಯಲ್ಲ, ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಧೈರ್ಯ ಸಾಲಲಿಲ್ಲ. ಇವತ್ತು ಎಲ್ಲವನ್ನೂ ಬರೆಯುತ್ತೇನೆ. ಓದಿದ ಮೇಲೆ ನನಗೆ ತಲೆ ಕೆಟ್ಟಿದೆ ಅನ್ನಿಸಿದರೆ ಅನ್ನಿಸಲಿ.

ನಾಲ್ಕನೇ ತರಗತಿಗೆ ಪತ್ರಲೇಖನದ ಪಾಠ ಇದೆ, ನಿನಗೆ ಗೊತ್ತೇ ಇದೆ. ಹಲಗೆಯ ಮೇಲೆ ಬರೆಸಿ ಬಾಯಿಪಾಠ ಮಾಡಿಸಿದರೆ ಏನು ಬಂತು ಎಂದು ಈ ಫೆಬ್ರವರಿಯಲ್ಲಿ ಮಕ್ಕಳ ಕೈಗೆ ನಿಜವಾದ ಪೋಸ್ಟ್ ಕಾರ್ಡನ್ನೇ ಕೊಟ್ಟೆ. ಇಷ್ಟವಾದವರಿಗೆ ಬರೆಯಿರಿ, ಉತ್ತರ ಶಾಲೆಯ ವಿಳಾಸಕ್ಕೆ ಬರಲಿ, ಬಂದ ಉತ್ತರಗಳನ್ನೆಲ್ಲ ಗೋಡೆಗೆ ಅಂಟಿಸೋಣ ಎಂದೆ. ಮಕ್ಕಳ ಸಂಭ್ರಮ ಹೇಳತೀರದು. ಅಜ್ಜಿಗೆ, ಸೋದರಮಾವನಿಗೆ, ಕೋಲಾರದ ಅತ್ತೆಗೆ, ಹೀಗೆ ಮೂವತ್ತನಾಲ್ಕು ಕಾರ್ಡು.

ಅದರಲ್ಲಿ ಒಂದು ಗೌಹರಳದು. ಯಲಹಂಕದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮೆಹಬೂಬ್ ಪಾಷಾ ಅವರ ಮಗಳು. ಒಂಬತ್ತು ವರ್ಷ, ದುಂಡಗಿನ ಅಕ್ಷರ, ಉಕ್ತಲೇಖನದಲ್ಲಿ ಒಂದು ತಪ್ಪೂ ಇಲ್ಲ. ಅವಳ ಕಾರ್ಡಿನ ವಿಳಾಸ ಹೀಗಿತ್ತು: ‘ಅಮ್ಮಿ, ಖಬರಸ್ತಾನ್, ಕೆರೆ ಪಕ್ಕ, ಪುಟ್ಟೇನಹಳ್ಳಿ.’ ಅವಳ ತಾಯಿ ದಿಲ್ಶಾದ್ ಐದು ವರ್ಷದ ಹಿಂದೆ ಬಟ್ಟೆ ಒಗೆಯಲು ಹೋಗಿ ಕೆರೆಯಲ್ಲಿ ಮುಳುಗಿ ಸತ್ತಿದ್ದಳು. ಕಾರ್ಡಿನಲ್ಲಿ ಇದ್ದದ್ದು ಎರಡೇ ಸಾಲು: ‘ಅಮ್ಮಿ, ನಾನು ಚೆನ್ನಾಗಿ ಓದುತ್ತಿದ್ದೇನೆ. ನೀವೂ ಉತ್ತರ ಬರೆಯಿರಿ.’

ಆ ಕಾರ್ಡನ್ನು ನಾನು ಅಂಚೆಪೆಟ್ಟಿಗೆಗೆ ಹಾಕಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಇಟ್ಟುಕೊಂಡೆ. ಮೂರು ವಾರದಲ್ಲಿ ಗೋಡೆಯ ತುಂಬ ಉತ್ತರಗಳು ಬಂದವು, ಅವಳೊಬ್ಬಳಿಗೆ ಬರಲಿಲ್ಲ. ದಿನಾ ಪೋಸ್ಟ್‌ಮನ್ನಿನ ಸೈಕಲ್ ಗಂಟೆ ಕೇಳಿದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಗುರುತು ಸಿಗಬಾರದೆಂದು ಎಡಗೈಯಲ್ಲಿ ಬರೆದೆ: ‘ಮಗಳೇ, ನಾನು ಚೆನ್ನಾಗಿದ್ದೇನೆ. ಟೀಚರ್ ಮಾತು ಕೇಳು.’ ಇಲ್ಲಿನ ಮುದ್ರೆ ಬೀಳಬಾರದೆಂದು ಲಕೋಟೆಯಲ್ಲಿಟ್ಟು ನಿನಗೆ ಕಳಿಸಿದೆ, ನೀನು ಗದಗಿನಲ್ಲಿ ಪೋಸ್ಟ್ ಮಾಡಿದೆ. ‘ಇದು ಬ್ಯಾಡಾಗಿತ್ತು ಚನ್ನಕ್ಕಾ’ ಎಂದು ನೀನು ಆಗಲೇ ಬರೆದಿದ್ದೆ. ಕೇಳಬೇಕಿತ್ತು.

ಕಾರ್ಡು ಬಂದ ದಿನ ಗೌಹರ್ ಅದನ್ನು ಗೋಡೆಗೆ ಅಂಟಿಸಲು ಕೊಡಲಿಲ್ಲ. ಎದೆಗೆ ಅವಚಿಕೊಂಡು ಕೂತಳು.

ಎಂಟು ದಿನ ಕಳೆದಿತ್ತು. ಪೋಸ್ಟ್‌ಮನ್ ಮುನಿನಾರಾಯಣಪ್ಪ ಬಾಗಿಲಲ್ಲಿ ನಿಂತು ಗೌಹರಳ ಹೆಸರಿನ ಇನ್ನೊಂದು ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

“ಮೇಡಮ್ಮೋರೆ, ಇದಕ್ಕೆ ಸೀಲೇ ಬಿದ್ದಿಲ್ಲ. ಎಲ್ಲಿಂದ ಬಂತೋ ಏನೋ. ಬೆಳಗ್ಗೆ ಜೋಡಿಸ್ಕೊಂಡಾಗ ಇರ್ನಿಲ್ಲ, ಈಗ ಚೀಲದಾಗೆ ಐತೆ.”

ಕಾರ್ಡು ಒದ್ದೆಯಾಗಿ ಒಣಗಿದಂತೆ ಮುದುಡಿತ್ತು. ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು, ನಾನು ಎಡಗೈಯಲ್ಲಿ ಬರೆದ ಹಾಗೆಯೇ. ಒತ್ತಕ್ಷರ ಒಂದೂ ಇಲ್ಲ. ‘ಗುಡೋ, ನಾನು ಅಮಿ. ಬಿಸಿ ಹಾಲು ಬಿದ ಕೈ ಈಗಲೂ ನೋಯುತದ?’

ಮೊದಲು ನಿನ್ನ ಮೇಲೆ ಸಂಶಯಪಟ್ಟು ನಿನಗೆ ಬರೆದೆ. ಆಮೇಲೆ ಆ ಹುಡುಗಿಯ ಮೇಲೆ. ಎಡಗೈಯಲ್ಲೂ ಬಲಗೈಯಲ್ಲೂ ಬರೆಸಿ ನೋಡಿದೆ, ಅದು ಅವಳ ಅಕ್ಷರವಲ್ಲ. ಶಾಲೆ ಬಿಟ್ಟ ಮೇಲೆ ಮೆಹಬೂಬ್ ಪಾಷಾ ಅವರ ಅಂಗಡಿಗೆ ಹೋಗಿ ನಾನು ಮಾಡಿದ ತಪ್ಪನ್ನು ಒಪ್ಪಿಕೊಂಡೆ. ಎರಡನೇ ಕಾರ್ಡನ್ನು ಓದಿ ಹೇಳಿದೆ. ಅವರ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು.

“ಗುಡ್ಡೋ ಅಂತ ಅವಳೊಬ್ಳೇ ಕರೀತಿದ್ದಿದ್ದು ಮಿಸ್. ಅವಳು ಹೋದ್ಮೇಲೆ ಆ ಹೆಸರು ನಮ್ಮನೇಲಿ ಯಾರೂ ಎತ್ತಿಲ್ಲ. ಹಾಲು ಬಿದ್ದಾಗ ಮಗೂಗೆ ಮೂರು ವರ್ಷ, ಅವಳಿಗೇ ನೆನಪಿಲ್ಲ.”

ಅವರ ಹೆಂಡತಿಗೆ ಕನ್ನಡ ಬರೆಯಲು ಬರುತ್ತಿತ್ತೇ ಎಂದು ಕೇಳಿದೆ.

“ಕನ್ನಡಾನೂ ಇಲ್ಲ, ಉರ್ದೂನೂ ಇಲ್ಲ. ಹೆಬ್ಬೆಟ್ಟು ಒತ್ತೋಳು.” ಆಮೇಲೆ, “ಇನ್ನೊಂದ್ಸಲ ಓದಿ ಮಿಸ್” ಎಂದರು. ಮೂರು ಸಲ ಓದಿಸಿಕೊಂಡರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗೌಹರಳ ಹೆಸರಿಗೆ ಏನು ಬಂದರೂ ನನ್ನ ಕೈಗೇ ಕೊಡಬೇಕೆಂದು ಮುನಿನಾರಾಯಣಪ್ಪನಿಗೆ ಹೇಳಿಟ್ಟೆ. ಏನೂ ಬರಲಿಲ್ಲ. ಆ ವಾರ ಹಿಂದುಳಿದ ಮಕ್ಕಳನ್ನು ಕೂರಿಸಿಕೊಂಡು ಒತ್ತಕ್ಷರ ತಿದ್ದಿಸುತ್ತಿದ್ದೆ. ಅಮ್ಮ, ಅಕ್ಕ, ಹತ್ತಿ, ಬುತ್ತಿ. ಮಕ್ಕಳು ಒಕ್ಕೊರಲಿನಿಂದ ಹೇಳುವಾಗ ಕೊನೆಯಲ್ಲಿ ಒಂದು ದನಿ ಮಾತ್ರ ಅರೆಗಳಿಗೆ ತಡವಾಗಿ ಹೇಳುತ್ತಿತ್ತು. ಯಾರದೆಂದು ತಲೆಯೆತ್ತಿ ನೋಡಿದರೆ ಎಲ್ಲರ ಬಾಯಿಯೂ ಮುಚ್ಚಿರುತ್ತಿತ್ತು. ಕೊಠಡಿಯಲ್ಲಿ ಕೆರೆಯ ಕೆಸರಿನ ವಾಸನೆ. ಕಿಟಕಿ ತೆರೆದಿರುತ್ತದಲ್ಲ, ಗಾಳಿಗೆ ಬರುತ್ತದೆ ಎಂದುಕೊಂಡೆ.

ಶುಕ್ರವಾರ ಮಧ್ಯಾಹ್ನ ಊಟದ ಗಂಟೆಯಾದ ಮೇಲೆ ಹಾಜರಿ ಕರೆದರೆ ಗೌಹರ್ ಇಲ್ಲ. ಅವಳ ಪಕ್ಕ ಕೂರುವ ಸಂಗವ್ವ ಎದ್ದು ನಿಂತು, “ಅವಳು ಅವರಮ್ಮನ್ನ ನೋಡೋಕೆ ಹೋದ್ಲು ಮಿಸ್. ಶುಕ್ರವಾರ ಬಾ ಅಂತ ಕಾರ್ಡ್ ಬಂದಿತ್ತು. ಕನ್ನಡ ಪುಸ್ತಕದೊಳಗೆ ಇತ್ತು” ಎಂದಳು.

ಚಪ್ಪಲಿ ಹಾಕಿಕೊಳ್ಳಲೂ ನಿಲ್ಲದೆ ಓಡಿದೆ. ಸುಡು ಬಿಸಿಲು, ದಾರಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಖಬರಸ್ತಾನದ ಅಂಚಿನ ಹುಣಸೆ ಮರದ ಕೆಳಗೆ ಅವಳು ಕೂತಿದ್ದಳು. ಬುತ್ತಿ ಬಿಚ್ಚಿ ಅರ್ಧ ಚಪಾತಿಯನ್ನು ಮುತ್ತುಗದ ಎಲೆಯ ಮೇಲೆ ಎದುರಿಗೆ ಇಟ್ಟಿದ್ದಳು. ಮೊಣಕಾಲಿನವರೆಗೂ ಹಸಿ ಕೆಸರು.

“ಯಾರ ಜೊತೆ ಮಾತಾಡ್ತಿದ್ದೆ ಗೌಹರ್?”

“ಅಮ್ಮಿ ಜೊತೆ. ಆಗ್ಲೇ ಒಂದ್ಸಲ ಸ್ವಲ್ಪ ದೂರ ಕರ್ಕೊಂಡು ಹೋಗಿದ್ರು. ನೀವು ಓಡಿ ಬರೋದು ನೋಡಿ, ಆಮೇಲೆ ಹೋಗೋಣ ಅಂತ ವಾಪಸ್ ಬಿಟ್ರು.” ಅವಳು ನೀರಿನ ಕಡೆ ಕೈ ತೋರಿಸಿದಳು. ದಡದ ಕೆಸರಿನಲ್ಲಿ ಅವಳ ಹೆಜ್ಜೆಗಳು ಕೆರೆಯೊಳಕ್ಕೆ ಇಳಿದು ಹಿಂದಕ್ಕೆ ಬಂದಿದ್ದವು. ಒಂದೇ ಜೋಡಿ ಹೆಜ್ಜೆ, ಶರಣವ್ವಾ. ಇನ್ನೊಂದು ಜೋಡಿಯೂ ಇದ್ದಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅವಳ ಕೈಯಲ್ಲಿದ್ದ ಕಾರ್ಡನ್ನು ಇಸಿದುಕೊಂಡು ನೋಡಿದೆ. ‘ಗುಡ್ಡೋ, ಅಮ್ಮಿಗೆ ನಿನ್ನ ನೋಡಬೇಕು. ಶುಕ್ರವಾರ ಬುತ್ತಿ ತಗೊಂಡು ಬಾ.’ ಒತ್ತುಗಳೆಲ್ಲ ಸರಿಯಾಗಿದ್ದವು.

ಅವಳನ್ನು ಎತ್ತಿಕೊಂಡು ಹೋಗಿ ತಂದೆಯ ಕೈಗೆ ಒಪ್ಪಿಸಿದೆ. ಆ ಸಂಜೆ ಒಂದು ಕಾರ್ಡು ತೆಗೆದುಕೊಂಡು, ಈ ಸಲ ಬಲಗೈಯಲ್ಲೇ ಬರೆದೆ. ‘ತಂಗಿ ದಿಲ್ಶಾದ್, ಮಗಳ ಮೇಲೆ ನಿನಗಿರುವ ಆಸೆ ನನಗೆ ಅರ್ಥವಾಗುತ್ತದೆ. ಆದರೆ ಕರೆಯಬೇಡ. ನೀನು ಕರೆದರೆ ಅವಳು ಬಂದೇ ಬರುತ್ತಾಳೆ. ಅವಳು ಇನ್ನೂ ಐದನೇ ತರಗತಿ ಓದಬೇಕು, ಆರು ಓದಬೇಕು. ತಪ್ಪು ನನ್ನದು, ಕೋಪವಿದ್ದರೆ ನನ್ನ ಮೇಲಿರಲಿ.’ ಗೌಹರ್ ಬರೆದಿದ್ದ ವಿಳಾಸವನ್ನೇ ಬರೆದು ಡಬ್ಬಕ್ಕೆ ಹಾಕಿದೆ.

ಮರುದಿನ ಮುನಿನಾರಾಯಣಪ್ಪ ಅದನ್ನು ಹಿಡಿದುಕೊಂಡು ಬಂದ. “ಯಾರಿಗೆ ಕೊಡ್ಲಿ ಮೇಡಮ್ಮೋರೆ? ಅಲ್ಲಿ ಯಾರವ್ರೆ?”

“ಹುಣಸೆ ಮರದ ಬುಡದಲ್ಲಿ ಇಟ್ಟು ಬನ್ನಿ” ಎಂದೆ. ಅವನು ನನ್ನ ಮುಖವನ್ನೇ ನೋಡಿ, “ಅಂಗೇ ಆಗ್ಲಿ” ಎಂದು ಟೋಪಿ ಸರಿಮಾಡಿಕೊಂಡು ಹೋದ.

ನಾಲ್ಕನೇ ದಿನ ಬೆಳಗ್ಗೆ ಹಾಜರಿ ಪುಸ್ತಕ ಬಿಚ್ಚಿದಾಗ ಅದರೊಳಗೆ ಉತ್ತರವಿತ್ತು. ನನ್ನ ಹೆಸರಿಗೆ. ಅದನ್ನು ಹಾಗೆಯೇ ಇಳಿಸುತ್ತೇನೆ. ‘ಮಿಸ್, ಮೊದಲನೇ ಕಾರ್ಡು ನಾನು ಬರೆದಿದ್ದಲ್ಲ, ನೀವು. ನನ್ನ ಮಗಳಿಗೆ ಬೇರೆಯವರು ಯಾಕೆ ಬರೆಯಬೇಕು ಅಂತ ಬಂದೆ. ನಿಮ್ಮ ಕ್ಲಾಸಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕಲಿತೆ. ಇನ್ನು ಕರೆಯುವುದಿಲ್ಲ. ಅವಳಿಗೆ ಚೆನ್ನಾಗಿ ಓದಿಸಿ.’

ಅಕ್ಷರಗಳು ವಾಲಿರಲಿಲ್ಲ. ನೆಟ್ಟಗಿದ್ದವು.

ಆಮೇಲೆ ಒಂದೂ ಬರಲಿಲ್ಲ. ಗೌಹರ್ ಎರಡು ದಿನ ಜ್ವರದಿಂದ ಮಲಗಿದ್ದಳು, ಈಗ ಚೆನ್ನಾಗಿದ್ದಾಳೆ. ಕುಂಟೆಬಿಲ್ಲೆಯಲ್ಲಿ ಸಂಗವ್ವನನ್ನು ಸೋಲಿಸುತ್ತಾಳೆ, ಪರೀಕ್ಷೆಗೆ ಓದುತ್ತಿದ್ದಾಳೆ. ಸೈಕಲ್ ಗಂಟೆ ಕೇಳಿದರೆ ಎದ್ದು ನಿಲ್ಲುವುದಿಲ್ಲ. ಹಿಂದಿನ ಸಾಲಿನಲ್ಲಿ ಗೋಡೆಯ ಪಕ್ಕದ ಜಾಗವನ್ನು ನಾನು ಖಾಲಿ ಬಿಡಿಸಿದ್ದೇನೆ. ಮಕ್ಕಳು ಯಾಕೆ ಎಂದು ಕೇಳಲಿಲ್ಲ. ಆ ಮೊದಲನೇ ಕಾರ್ಡು ಬಂದಾಗಿನಿಂದಲೇ ಅವರು ಅಲ್ಲಿ ಕೂರುತ್ತಿರಲಿಲ್ಲವಂತೆ.

ನಿನ್ನ ಮೈ ಜೋಪಾನ. ಮನೆಯ ಹಿರಿಯರಿಗೆ ನಮ್ಮಿಬ್ಬರ ನಮಸ್ಕಾರ ತಿಳಿಸು.

ನಿನ್ನ ಗೆಳತಿ,
ಚನ್ನಕ್ಕ

ಮರೆತ ಮಾತು: ಭಾನುವಾರ ಬರೆದ ಈ ಕಾಗದವನ್ನು ಗುರುವಾರದವರೆಗೂ ಇಟ್ಟುಕೊಂಡಿದ್ದೆ. ನಿನ್ನಿಂದ ಮುಚ್ಚಿಡಲಾರೆ. ಗದಗಿನಲ್ಲಿ ನಾವು ಮಣ್ಣು ಮಾಡಿ ಬಂದ ನಮ್ಮ ಕೂಸು ಇದ್ದಿದ್ದರೆ ಈ ವರ್ಷ ಅವಳೂ ನಾಲ್ಕನೇ ತರಗತಿ. ನಿನ್ನೆ ಅವಳ ಹೆಸರಿಗೆ ಒಂದು ಕಾರ್ಡು ಹಾಕಿದೆ, ರುದ್ರಭೂಮಿಯ ವಿಳಾಸಕ್ಕೆ. ಇವರಿಗೆ ಗೊತ್ತಿಲ್ಲ. ಅಲ್ಲಿನ ಪೋಸ್ಟ್‌ಮನ್ ನಿನ್ನ ಓಣಿಗೆ ಬಂದು, ಇಂಥವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಇದ್ದಾಳೆ ಎಂದು ಹೇಳು.