ಊಹಿಸಿ ಓದುವ ಮಕ್ಕಳ ಶಾಲೆ

ಶಾಲಾ ಜಿಲ್ಲೆಯ ಮಾನ್ಯ ಸೂಪರಿಂಟೆಂಡೆಂಟರೇ,

ನಮ್ಮ ಮಕ್ಕಳಿಗೆ ಓದಲು ಬರುವುದಿಲ್ಲ. ಎಲ್ಲರಿಗೂ ಅಲ್ಲ, ಕೆಲವರಿಗೆ. ಆ ಕೆಲವರು ಯಾರೆಂದು ನಿಮ್ಮ ಕಚೇರಿಗೆ ಗೊತ್ತಿಲ್ಲ, ತಿಳಿದುಕೊಳ್ಳುವ ಆತುರವೂ ಕಾಣುತ್ತಿಲ್ಲ. ಓದು ಕಲಿಸುವುದಕ್ಕೆಂದೇ ನಮ್ಮಲ್ಲಿದ್ದ ಇಬ್ಬರು ಟೀಚರುಗಳನ್ನು ನೀವು ಮನೆಗೆ ಕಳಿಸಿದಿರಿ. ಇದನ್ನು ನಾನು ನಿಮಗೆ ಫೋನಿನಲ್ಲಿ ಹೇಳಿದ್ದೇನೆ, ಇಮೇಲಿನಲ್ಲಿ ಬರೆದಿದ್ದೇನೆ, ಶಾಲಾ ಮಂಡಳಿಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇನೆ. ಪ್ರತಿ ಸಲವೂ ನನಗೆ ಧನ್ಯವಾದ ಸಿಕ್ಕಿದೆ. ಇಷ್ಟೊಂದು ಧನ್ಯವಾದಗಳನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ, ಈ ಸಲ ಊರವರೆಲ್ಲ ನೋಡುವ ವಾರಪತ್ರಿಕೆಗೆ ಬರೆಯುತ್ತಿದ್ದೇನೆ.

ನಮ್ಮ ಶಾಲಾ ಜಿಲ್ಲೆ ಎಂದರೆ ಎಷ್ಟು ದೊಡ್ಡದು? ಒಂದು ಹೈಸ್ಕೂಲು, ಒಂದು ಮಿಡ್ಲ್ ಸ್ಕೂಲು, ಎರಡು ಪ್ರಾಥಮಿಕ ಶಾಲೆ. ಕ್ಲೀವ್‌ಲ್ಯಾಂಡಿಗೆ ಹೋಗುವ ಹೆದ್ದಾರಿಯಲ್ಲಿ ಕಾಫಿ ಹೀರುತ್ತ ಬಂದರೆ, ಕಪ್ಪು ಖಾಲಿಯಾಗುವ ಮೊದಲೇ ನಮ್ಮ ಊರು ಮುಗಿದುಹೋಗಿರುತ್ತದೆ. ಇಷ್ಟು ಸಣ್ಣ ಊರಿಗೆ ನೀವೊಬ್ಬರು, ನಿಮಗೊಬ್ಬ ಸಹಾಯಕರು, ಆ ಸಹಾಯಕರಿಗೊಬ್ಬ ನಿರ್ದೇಶಕರು, ನೀವೆಲ್ಲ ಏನು ಮಾಡುತ್ತಿದ್ದೀರಿ ಎಂದು ನಮಗೆ ತಿಳಿಸಲು ಒಬ್ಬ ಸಂಪರ್ಕಾಧಿಕಾರಿ. ಇವರಲ್ಲಿ ಯಾರೂ ಸೋಮಾರಿಗಳೆಂದು ನಾನು ಹೇಳುವುದಿಲ್ಲ. ಎಲ್ಲರೂ ಬಹಳ ಓಡಾಡುತ್ತಾರೆ. ಆದರೆ ಒಂದು ಮಗುವಿನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಈ ಸಾಲು ಓದಮ್ಮ ಎಂದು ಕೇಳುವವರು ಅವರಲ್ಲಿ ಯಾರು?

ನನ್ನ ಮಗಳು ಟಿಲ್ಲಿಯ ವಿಷಯ ಹೇಳುತ್ತೇನೆ. ಅವಳು ಮೂರನೇ ಕ್ಲಾಸಿನಲ್ಲಿದ್ದಾಗ ನನ್ನ ಅಪ್ಪ ತೀರಿಕೊಂಡರು. ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಓಡಿಸಿ ನಿವೃತ್ತರಾದವರು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಭಾನುವಾರದ ಪೇಪರಿನ ಚಿತ್ರಕಥೆಗಳನ್ನು ಬೇರೆ ಬೇರೆ ದನಿಯಲ್ಲಿ ಓದುತ್ತಿದ್ದರು. ಶವಸಂಸ್ಕಾರದ ದಿನ ಚರ್ಚಿನಲ್ಲಿ ಮೊಮ್ಮಗಳು ಬೈಬಲಿನ ನಾಲ್ಕು ಸಾಲು ಓದಲಿ ಎಂದು ಪಾದ್ರಿಗಳು ಒಂದು ಹಾಳೆ ಕೊಟ್ಟರು. ನಮಗೂ ಅದು ಸರಿ ಎನಿಸಿತು. ಅವಳ ರಿಪೋರ್ಟ್ ಕಾರ್ಡಿನಲ್ಲಿ ಓದಿನ ಮುಂದೆ ಒಂದನೇ ಕ್ಲಾಸಿನಿಂದಲೂ 'ತೃಪ್ತಿಕರ' ಎಂದೇ ಇತ್ತು.

ಟಿಲ್ಲಿ ಮೇಲೆ ಹೋಗಿ ಹಾಳೆ ಹಿಡಿದು ನಿಂತಳು. ಆಮೇಲೆ ಜೋರಾಗಿ ಹೇಳಿದಳು:

"ಅಜ್ಜ ನಂಗೆ ಪೇಪರ್ ಓದ್ತಿದ್ರು. ನಾಯಿ ಮಾತಾಡಿದ್ರೆ ನಾಯಿ ದನಿ, ಬೆಕ್ಕು ಮಾತಾಡಿದ್ರೆ ಬೆಕ್ಕಿನ ದನಿ. ದೇವ್ರೇ, ಅಜ್ಜಂಗೆ ಕಿಟಕಿ ಪಕ್ಕ ಕುರ್ಚಿ ಕೊಡು. ಅವ್ರ ಮಂಡಿ ನೋಯುತ್ತೆ. ಆಮೆನ್."

ಚರ್ಚಿಗೆ ಚರ್ಚೇ ಅತ್ತಿತು. ಪಾದ್ರಿಗಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನ್ನ ಗಂಡ ಕರ್ಟ್ ನನ್ನ ಕೈ ಅದುಮಿ, "ಎಷ್ಟು ಚೆನ್ನಾಗಿ ಹೇಳಿದ್ಲು ನೋಡೇ" ಎಂದ. ನಾನೂ ಅತ್ತೆ. ಆದರೆ ನಾನು ಮಗಳ ಮುಖವನ್ನೇ ನೋಡುತ್ತಿದ್ದವಳು. ಅವಳ ಕಣ್ಣು ಹಾಳೆಯ ಮೇಲೆ ಒಂದು ಸಾಲೂ ಓಡಿರಲಿಲ್ಲ. ಒಂದೇ ಕಡೆ ನೆಟ್ಟಿತ್ತು.

ಸ್ಮಶಾನದಿಂದ ವಾಪಸು ಬರುವಾಗ ಕಾರಿನಲ್ಲಿ ಮೆಲ್ಲಗೆ ಕೇಳಿದೆ, "ಪುಟ್ಟಾ, ಫಾದರ್ ಕೊಟ್ಟಿದ್ದನ್ನ ಯಾಕೆ ಓದ್ಲಿಲ್ಲ?"

"ಅದ್ರಲ್ಲಿ ಚಿತ್ರಾನೇ ಇರ್ಲಿಲ್ಲಮ್ಮ."

"ಚಿತ್ರ ಯಾಕೆ ಬೇಕು?"

"ಚಿತ್ರ ನೋಡು, ಮೊದಲನೇ ಅಕ್ಷರ ನೋಡು, ಉಳಿದಿದ್ದು ಊಹೆ ಮಾಡು ಅಂತ ಸ್ಕೂಲಲ್ಲಿ ಹೇಳ್ಕೊಟ್ಟಿದಾರೆ. ನಾನು ಚೆನ್ನಾಗಿ ಊಹೆ ಮಾಡ್ತೀನಿ. ಆದ್ರೆ ಚಿತ್ರ ಇಲ್ದೆ ಹೇಗೆ?" ಎಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಅಜ್ಜಂಗೆ ಬೇಜಾರಾಗಿರುತ್ತಾ?" ಎಂದು ಕೇಳಿದಳು.

ಮಾನ್ಯರೇ, ಅಪ್ಪ ಸತ್ತಿದ್ದಕ್ಕೆ ಅಳಲು ನನಗೆ ಆಮೇಲೆ ಆ ವಾರ ಪೂರ್ತಿ ಪುರುಸೊತ್ತಾಗಲಿಲ್ಲ.

ಶಾಲೆಗೆ ಹೋದೆ. ಟಿಲ್ಲಿಯ ಟೀಚರು ಕ್ಲಾಸಿನಲ್ಲಿ ನಗುನಗುತ್ತ ಮಾತಾಡಿದವರು, ನಾನು ಕಾರಿನ ಹತ್ತಿರ ಹೋಗುವಷ್ಟರಲ್ಲಿ ಹಿಂದೆಯೇ ಓಡಿ ಬಂದರು. "ನೋರೀನ್ ಅವ್ರೇ, ನನ್ನ ಹೆಸ್ರು ಎಲ್ಲೂ ಹೇಳ್ಬೇಡಿ. ನನ್ ಕ್ಲಾಸಲ್ಲಿ ಇವಳೊಬ್ಳೇ ಅಲ್ಲ. ಮುಂಚೆ ಆಗಿದ್ರೆ ಬೀಮ್ ಮಿಸ್ ಹತ್ರ ಕಳಿಸ್ತಿದ್ದೆ. ಈಗ ಯಾರ ಹತ್ರ ಕಳಿಸ್ಲಿ, ನೀವೇ ಹೇಳಿ?" ಎಂದರು. ನಲವತ್ತು ದಾಟಿದ ಆ ಹೆಂಗಸು ಯಾರಾದರೂ ನೋಡುತ್ತಿದ್ದಾರಾ ಎಂದು ಶಾಲೆಯ ಕಿಟಕಿಗಳ ಕಡೆ ತಿರುತಿರುಗಿ ನೋಡುತ್ತಿದ್ದರು. ಈಗ ಅವರು ಈ ಜಿಲ್ಲೆ ಬಿಟ್ಟಿದ್ದಾರೆ, ಒಪ್ಪಿಗೆ ಕೊಟ್ಟ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಆಡಳಿತದ ಬಗ್ಗೆ ನನಗೆ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಲೊರೆಟ್ಟಾ ಬೀಮ್ ನಮ್ಮ ಶಾಲೆಗಳಲ್ಲಿ ಎಷ್ಟೋ ವರ್ಷ ಓದು ಕಲಿಸಿದವರು. ನೀವು ಬಂದ ಮೊದಲ ಬೇಸಿಗೆಯಲ್ಲೇ ಅವರ ಹುದ್ದೆಯನ್ನೂ ಅವರ ಜೊತೆಯವರ ಹುದ್ದೆಯನ್ನೂ 'ವಿಲೀನ' ಮಾಡಿದಿರಿ. ಎರಡು ಹುದ್ದೆ ಸೇರಿ ನಿಮ್ಮ ಕಚೇರಿಯಲ್ಲಿ ಒಬ್ಬ ಸಾಕ್ಷರತಾ ಸಂಯೋಜಕರು ಹುಟ್ಟಿಕೊಂಡರು. ಅವರು ಮಕ್ಕಳನ್ನು ನೋಡುವುದಿಲ್ಲ, ಅಂಕಿಅಂಶಗಳನ್ನು ನೋಡುತ್ತಾರೆ. ಮಗಳನ್ನು ಪರೀಕ್ಷಿಸಿ ಎಂದು ನಾನು ಬರೆದಾಗ ಅವರಿಂದಲೇ ಉತ್ತರ ಬಂತು: ನಿಮ್ಮ ಮಗು ಸರಾಸರಿಯ ವ್ಯಾಪ್ತಿಯಲ್ಲಿದೆ, ಮುಂದಿನ ವರ್ಷದವರೆಗೆ ಕಾದು ನೋಡೋಣ. ಮಗುವಿಗೆ ಜ್ವರ ಬಂದಾಗ ಊರಿನ ಸರಾಸರಿ ಮೈಬಿಸಿ ಸರಿಯಾಗಿದೆ ಎಂದು ಹೇಳುವ ಡಾಕ್ಟರನ್ನು ನಾವು ಸುಮ್ಮನೆ ಬಿಡುತ್ತೇವೆಯೇ?

ಆಮೇಲೆ ಮಂಡಳಿಯ ಸಭೆ. ಸಾರ್ವಜನಿಕರು ಮಾತಾಡಲು ಮೊದಲೇ ಹೆಸರು ಬರೆಸಬೇಕು, ಗಂಟೆ ಬಾರಿಸಿದ ಕೂಡಲೇ ನಿಲ್ಲಿಸಬೇಕು. ನಾನು ಅಪ್ಪನ ಶವಸಂಸ್ಕಾರದ ತನಕ ಬರುವಷ್ಟರಲ್ಲಿ ಗಂಟೆ ಬಾರಿಸಿತು. ನೀವು ಮೈಕಿನ ಹತ್ತಿರ ಬಗ್ಗಿ ನನ್ನ ದುಃಖಕ್ಕೆ ಸಂತಾಪ ಸೂಚಿಸಿದಿರಿ. ನಮ್ಮ ಜಿಲ್ಲೆಗೆ ರಾಜ್ಯದವರು ಈ ವರ್ಷವೂ ಐದಕ್ಕೆ ನಾಲ್ಕು ನಕ್ಷತ್ರ ಕೊಟ್ಟಿದ್ದಾರೆಂದು ನೆನಪಿಸಿದಿರಿ. ಹಿಂದಿನ ಸಾಲಿನಿಂದ ಯಾರೋ, "ನಕ್ಷತ್ರ ಆಮೇಲೆ ಎಣಿಸೋಣ ಸಾರ್, ಮೊದ್ಲು ಆ ಯಮ್ಮ ಕೇಳಿದ್ದಕ್ಕೆ ಉತ್ತರ ಕೊಡಿ" ಎಂದರು. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಗುವುದರಲ್ಲಿ ನೀವು ಯಾವತ್ತೂ ಹಿಂದೆ ಬಿದ್ದವರಲ್ಲ. ಮುಂದಿನ ವಿಷಯ ಫುಟ್‌ಬಾಲ್ ಮೈದಾನಕ್ಕೆ ಹೊಸ ಸ್ಕೋರ್‌ಬೋರ್ಡು. ಅದು ಸರ್ವಾನುಮತದಿಂದ ಪಾಸಾಯಿತು. ನಾನೂ ಶುಕ್ರವಾರ ಸಂಜೆಯ ಆಟಕ್ಕೆ ಕಂಬಳಿ ಹೊದ್ದು ಆ ಮೈದಾನದ ಮೆಟ್ಟಿಲ ಮೇಲೆ ಕೂತು ಕೂಗುವವಳೇ. ಹಳೆಯ ಬೋರ್ಡಿನಲ್ಲಿ ನಮ್ಮವರು ಸೋಲುವುದು ಸ್ಪಷ್ಟವಾಗಿಯೇ ಕಾಣುತ್ತಿತ್ತು.

ಆ ಸಭೆಯಿಂದ ಹೊರಬರುವಾಗ ಬಾಗಿಲ ಹತ್ತಿರ ಒಬ್ಬ ವಯಸ್ಸಾದ ಹೆಂಗಸು ನನ್ನ ತೋಳು ಹಿಡಿದು ನಿಲ್ಲಿಸಿದರು. "ನಾನು ಲೊರೆಟ್ಟಾ ಬೀಮ್. ಈಗ ಪಕ್ಕದೂರಿನ ಸ್ಕೂಲಲ್ಲಿದೀನಿ. ಮಂಗಳವಾರ, ಗುರುವಾರ ಸಂಜೆ ಮಗೂನ ನಮ್ಮನೆಗೆ ಕರ್ಕೊಂಡ್ ಬಾಮ್ಮ" ಎಂದರು. ಫೀಸಿನ ಮಾತೆತ್ತಿದರೆ, "ಅದೆಲ್ಲ ಬೇಡ. ನಿಮ್ಮ ಕಡೆಯವ್ರು ಪಿರೋಗಿ ಕಡುಬು ಚೆನ್ನಾಗಿ ಮಾಡ್ತಾರಲ್ವಾ?" ಎಂದು ಕಣ್ಣು ಮಿಟುಕಿಸಿದರು.

ಚಳಿಗಾಲವಿಡೀ ಅವರ ಅಡುಗೆಮನೆಯ ಮೇಜಿನ ಮುಂದೆ ಟಿಲ್ಲಿ ಒಂದೊಂದೇ ಶಬ್ದ ಒಡೆದು, ಕೂಡಿಸಿ ಓದಿದಳು. ಊಹಿಸಿದರೆ ಬೀಮ್ ಮಿಸ್ ಬೆರಳಿನಿಂದ ಮೇಜು ತಟ್ಟುತ್ತಿದ್ದರು. "ನೀನು ಜಾಣೆ, ಅದಕ್ಕೇ ಕಳ್ಳಾಟ ಆಡ್ತೀಯ. ನೋಡಿ ಓದು." ಮಗಳು ಅತ್ತಳು, ಪೆನ್ಸಿಲು ಎಸೆದಳು, ಒಂದು ದಿನ ಕಾರಿನಿಂದ ಇಳಿಯಲೇ ಇಲ್ಲ. ಬೀಮ್ ಮಿಸ್ ಕೋಟು ಹಾಕಿಕೊಂಡು ಹಿಮದಲ್ಲಿ ನಡೆದು ಬಂದು, ಹಿಂದಿನ ಸೀಟಿನಲ್ಲಿ ಅವಳ ಪಕ್ಕ ಕೂತು ಅಲ್ಲೇ ಪಾಠ ಮಾಡಿದರು. ಹಿಮ ಕರಗುವ ಹೊತ್ತಿಗೆ ಒಂದು ಬೆಳಗ್ಗೆ ಟಿಲ್ಲಿ ತಿಂಡಿಯ ಮೇಜಿನ ಮೇಲಿದ್ದ ಕೆಚಪ್ ಬಾಟಲಿಯನ್ನು ತಿರುಗಿಸಿ ಹಿಡಿದು, "ಅಪ್ಪಾ, ಇದ್ರಲ್ಲಿ ಟೊಮೇಟೊ ಬಿಟ್ರೆ ಬರೀ ಸಕ್ಕರೆನೇ ಇದೆ. ಮೋಸ!" ಎಂದಳು. ಕರ್ಟ್ ಟೋಸ್ಟು ಕಚ್ಚಿದವನು ಅಗಿಯುವುದನ್ನೇ ಮರೆತ.

ಆ ವಸಂತದಲ್ಲಿ ರಾಜ್ಯದ ಪರೀಕ್ಷೆಯನ್ನು ಅವಳು ಚೆನ್ನಾಗಿಯೇ ಮಾಡಿದಳು. ಇಲ್ಲಿಗೆ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ನನ್ನ ಮಗು ದಡ ಸೇರಿತು ಎಂದು ಸುಮ್ಮನಾಗುವ ಸಾಮಾನ್ಯ ತಾಯಿ ನಾನು.

ಆದರೆ ಆಗಸ್ಟಿನಲ್ಲಿ ಪ್ರಾಥಮಿಕ ಶಾಲೆಯ ಮುಂದೆ ನೀವು ಒಂದು ದೊಡ್ಡ ಬ್ಯಾನರು ಕಟ್ಟಿಸಿದಿರಿ. ಅದರಲ್ಲಿ ಪುಸ್ತಕ ಹಿಡಿದು ನಗುತ್ತಿರುವ ಟಿಲ್ಲಿ. ನಮ್ಮನ್ನು ಯಾರೂ ಕೇಳಿರಲಿಲ್ಲ. ನಿಮ್ಮ ಸಂಪರ್ಕಾಧಿಕಾರಿಗೆ ಫೋನ್ ಮಾಡಿದರೆ, "ಅಯ್ಯೋ, ಎಷ್ಟು ಮುದ್ದಾಗಿ ಬಂದಿದೆ ಅಲ್ವಾ!" ಎಂದರು. ಕರ್ಟ್ ಏಣಿ ತರುತ್ತೇನೆಂದು ಹೊರಟ. ಟಿಲ್ಲಿ ಬ್ಯಾನರಿನ ಕೆಳಗೆ ನಿಂತು, ಕತ್ತೆತ್ತಿ, ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು: "ಇಲ್ಲಿ... ಪ್ರತಿಯೊಂದು... ಮಗುವೂ... ಓದುತ್ತದೆ."

ಆಮೇಲೆ ನನ್ನ ಕಡೆ ತಿರುಗಿದಳು. "ಇದು ತಪ್ಪಮ್ಮ. ಮರ್ಲಿಗೆ ಬರಲ್ಲ."

"ನಿಂಗೆ ಹೇಗ್ ಗೊತ್ತು?"

"ಎಲ್ರಿಗೂ ಗೊತ್ತು. ಅವಳ ಸರದಿ ಬಂದ್ರೆ ನಾನೇ ಹಿಂದಿನಿಂದ ಪಿಸುಗುಟ್ಟೋದು."

ಮರ್ಲಿ ಅವಳ ಗೆಳತಿ. ಹೆಸರು ಬದಲಿಸಿದ್ದೇನೆ. ಇದನ್ನು ಬರೆಯಲು ಆ ಮಗುವಿನ ತಾಯಿ ಒಪ್ಪಿದ್ದಾರೆ. ಆ ಒಪ್ಪಿಗೆ ಸುಲಭವಾಗಿ ಬಂದದ್ದಲ್ಲ. ಅಂಗಡಿಯ ಮುಂದೆ ಕೊಂಡ ಸಾಮಾನಿನ ಗಾಡಿ ತಳ್ಳಿಕೊಂಡು ಬರುತ್ತಿದ್ದವಳನ್ನು ನಿಲ್ಲಿಸಿ ವಿಷಯ ಹೇಳಿದಾಗ ಅವಳ ಮುಖ ಕೆಂಪಾಯಿತು.

"ರಿಪೋರ್ಟ್ ಕಾರ್ಡಲ್ಲಿ ಚೆನ್ನಾಗಿದೆ ಅಂತಾನೇ ಬರ್ದಿದಾರಲ್ಲ? ನಿನ್ ಮಗಳ ಫೋಟೋ ಹಾಕಿದಾರೆ ಅಂದ ಮಾತ್ರಕ್ಕೆ ನನ್ ಮಗಳು ದಡ್ಡಿ ಅಂತ ಹೇಳೋಕ್ ಬಂದ್ಯಾ?"

ಅವಳು ಗಾಡಿ ತಳ್ಳಿಕೊಂಡು ನಾಲ್ಕು ಹೆಜ್ಜೆ ಹೋಗಿ ನಿಂತಳು. ಬೆನ್ನು ತೋರಿಸಿಕೊಂಡೇ ಹೇಳಿದಳು, "ಕೆಲಸ ಮುಗಿಸಿ ಬಂದ್ಮೇಲೆ ದಿನಾ ನಂಗೆ ಕಥೆ ಓದ್ತಾಳೆ ಕಣೇ. ಸುಸ್ತಾಗಿ ಕಣ್ಮುಚ್ಕೊಂಡು ಕೇಳ್ತಿರ್ತೀನಿ. ಪುಟ ತಿರುಗಿಸೋ ಸದ್ದು ಕೇಳ್ಸುತ್ತಲ್ಲೇ..." ಆಮೇಲೆ ನನ್ನ ಕಡೆ ತಿರುಗಿ, "ಒಂದೇ ಪುಸ್ತಕದಲ್ಲಿ ಪ್ರತಿ ಸಲಾನೂ ಬೇರೆ ಬೇರೆ ಕಥೆ ಇರೋದು. ನಾನು ಅದೇ ಒಂದು ಚೆಂದ ಅನ್ಕೊಂಡಿದ್ದೆ" ಎಂದಳು.

ಮಾನ್ಯರೇ, ನಿಮ್ಮ ನಾಲ್ಕು ನಕ್ಷತ್ರಗಳ ಕೆಳಗೆ ನಾವಿಬ್ಬರು ತಾಯಂದಿರು ಪಾರ್ಕಿಂಗಿನ ನಡುವೆ ಹಾಗೇ ನಿಂತಿದ್ದೆವು. ಐಸ್‌ಕ್ರೀಮು ಕರಗಿ ಚೀಲದಿಂದ ಸೋರುತ್ತಿತ್ತು. ಹಿಂದಿನಿಂದ ಒಬ್ಬ ಕಾರಿನ ಹಾರ್ನು ಹೊಡೆದ. ಇಬ್ಬರೂ ಜರುಗಲಿಲ್ಲ.

ನನಗೆ ಜಗಳವಾಡುವ ಶಕ್ತಿ ಉಳಿದಿಲ್ಲ. ಟೈರ್ ಅಂಗಡಿಯ ಕೌಂಟರಿನಲ್ಲಿ ಇಡೀ ದಿನ ಬೇರೆಯವರ ಸಿಟ್ಟು ಕೇಳಿ ಮನೆಗೆ ಬರುವವಳು ನಾನು. ನನ್ನದನ್ನೂ ಅದಕ್ಕೆ ಸೇರಿಸುವ ಆಸೆಯಿಲ್ಲ. ಆದ್ದರಿಂದ ಸರಳವಾಗಿ ಕೇಳುತ್ತೇನೆ. ಓದು ಕಲಿಸುವ ಆ ಎರಡು ಹುದ್ದೆಗಳನ್ನು ವಾಪಸು ತನ್ನಿ, ಅವರನ್ನು ಕಚೇರಿಯಲ್ಲಲ್ಲ, ಮಕ್ಕಳ ಪಕ್ಕದಲ್ಲಿ ಕೂರಿಸಿ. ಊಹಿಸಿ ಓದಿಸುವ ಪಾಠವನ್ನು ನಿಲ್ಲಿಸಿ. ಟೀಚರುಗಳು ಸತ್ಯ ಹೇಳಲು ಕಾರು ನಿಲ್ಲಿಸುವ ಜಾಗಕ್ಕೆ ಓಡಿ ಬರಬೇಕಾದ ಸ್ಥಿತಿಯನ್ನು ತಪ್ಪಿಸಿ. ಮತ್ತು ಈ ತಿಂಗಳೊಳಗೆ ಒಂದು ಮಧ್ಯಾಹ್ನ ನೀವೇ ಮೂರನೇ ಕ್ಲಾಸಿಗೆ ಬನ್ನಿ. ಕ್ಯಾಮೆರಾದವರು ಬೇಡ. ಸಣ್ಣ ಕುರ್ಚಿಯೊಂದನ್ನು ಎಳೆದುಕೊಂಡು, ಒಂದು ಮಗುವಿನ ಪಕ್ಕ ಕೂತು, ಅದು ಒಂದು ಪುಟ ಓದಿ ಮುಗಿಸುವವರೆಗೆ ಏಳದೆ ಕೇಳಿ. ಆಮೇಲೆ ಇನ್ನೊಂದು ಮಗು. ಎಷ್ಟು ಮಕ್ಕಳವರೆಗೆ ನಗುತ್ತಲೇ ಇರುತ್ತೀರಿ ಎಂದು ಊರಿಗೆ ನೀವೇ ಹೇಳಿ.

ಇಂತಿ,
ಈ ಊರು ಬಿಟ್ಟು ಹೋಗಲು ಮನಸ್ಸಿಲ್ಲದ, ಇಲ್ಲೇ ಇರಲು ಸುಸ್ತಾಗಿರುವ
ನೋರೀನ್ ಹ್ಲವಾಟಿ