ಒರೆಗಲ್ಲನ್ನು ಒಳಗಿಟ್ಟಿಲ್ಲ

ಅಪ್ಪಾ,

ನೀನು ಬಿಟ್ಟುಹೋದ ಗಂಜಾಂನ ಅಕ್ಕಸಾಲಿ ಅಂಗಡಿಗೆ ಇವತ್ತು ತಮ್ಮ ಲೋಹಿತ್ ಕುಣಿಯುತ್ತ ಬಂದ. ಕೂಡಿಟ್ಟದ್ದನ್ನೆಲ್ಲ ಒಂದೇ ಕಂಪನಿಯ ಶೇರಿಗೆ ಹಾಕುತ್ತಾನಂತೆ.

“ಫ್ರೆಂಡು ಯೋಳವ್ನೆ ಕಣಕ್ಕ, ಡಬಲ್ ಆಯ್ತದಂತೆ!”

ನಿನ್ನ ಒರೆಗಲ್ಲನ್ನು ಅವನ ಮುಂದಿಟ್ಟೆ. ಸ್ವಂತ ಅಕ್ಕನ ಬಳೆಯನ್ನೂ ಇದರ ಮೇಲೆ ಉಜ್ಜಿ ನೋಡದೆ ಕೊಳ್ಳದವನು ನೀನು. ಶೇರನ್ನು ಮಾತ್ರ ನೀನು ಗೆಳೆಯರ ಮಾತು ನಂಬಿ ಕೊಂಡು ಕೈ ಸುಟ್ಟುಕೊಂಡೆ.

“ಏನ್ಲಾ ಮಾರ್ತದೆ ಆ ಕಂಪ್ನಿ? ಸಾಲ ಎಷ್ಟೈತೆ? ಅದು ಮುಳುಗುದ್ರೆ ನಿನ್ ಕೈಲಿ ಏನುಳೀತದೆ?” ಎಂದೆ.

ಅವನು ಅಲ್ಲೇ ಕೂತು ಫೋನಿನಲ್ಲಿ ಕಂಪನಿಯ ವಾರ್ಷಿಕ ವರದಿ ಓದಿದ.

“ಸಾಲ ವರ್ಸಾ ವರ್ಸಾ ಏರ್ತಾನೇ ಐತೆ. ಇದು ಬ್ಯಾಡ ಕಣಕ್ಕ. ಬೇರೆ ನಾಕೈದು ನೋಡಿ, ಅಂಚಿ ಆಕ್ತೀನಿ.” ಆಮೇಲೆ ತಲೆಯೆತ್ತಿ ಕೇಳಿದ: “ಅಪ್ಪಂಗೆ ಯಾರಾರ ಇಂಗೆ ಕೇಳಿದ್ರಾ?”

ನಾನು ಕಲ್ಲು ಒರೆಸುತ್ತಿದ್ದೆ.

ನಾಳೆ ಇನ್ನೊಂದು ಕಂಪನಿಯ ವರದಿ ಓದಿಕೊಂಡು ಬರುತ್ತಾನಂತೆ. ಕಲ್ಲನ್ನು ಒಳಗಿಟ್ಟಿಲ್ಲ, ಅಪ್ಪಾ.

ಕೀರ್ತನ